ಕಪ್ಪು ನುಂಗುತ್ತದೆ, ಬಿಳುಪು ಉಗುಳುತ್ತದೆ: ಬೇಸಿಗೆ ಗೆಲ್ಲಲು 16 ಸೂತ್ರ

ಕಲಬುರಗಿಯಲ್ಲಿ ನಾನಿರುವುದು ಮೇಲ್ಮಹಡಿಯ ಮನೆ. ತಲೆಯ ಮೇಲೆ ಸ್ಲ್ಯಾಬು, ಅದರ ಮೇಲೆ ಸೂರ್ಯ, ನಡುವೆ ಬೇರೇನೂ ಇಲ್ಲ. ಏಪ್ರಿಲ್ ಬಂತೆಂದರೆ ರಾತ್ರಿ ಹನ್ನೊಂದಾದರೂ ಚಾವಣಿ ರೊಟ್ಟಿ ಹೆಂಚಿನಂತೆ ಝಳ ಬಿಡುತ್ತಿತ್ತು. ಫ್ಯಾನು ಅದನ್ನೇ ಬಾಚಿ ಬಾಚಿ ಮೈಮೇಲೆ ಸುರಿಯುತ್ತಿತ್ತು. ಒಂದು ಭಾನುವಾರ ತಡೆಯದೆ ಮಾಳಿಗೆಗೆ ಸುಣ್ಣ ಬಳಿಯಲು ನಿಂತೆ. ಲೆಕ್ಕ ತಪ್ಪಿತು, ಅರ್ಧ ಮಾಳಿಗೆಗೇ ಸುಣ್ಣ ಖಾಲಿ. ಮರುದಿನ ಮಧ್ಯಾಹ್ನ ಒಣಹಾಕಿದ್ದ ಬಟ್ಟೆ ತರಲು ಬರಿಗಾಲಲ್ಲಿ ಹೋದೆ. ಬಿಳಿ ಭಾಗದ ಮೇಲೆ ನಿಧಾನಕ್ಕೆ, ಹಾಡು ಗುನುಗುತ್ತ ನಡೆದವನು ಗೆರೆ ದಾಟಿ ಬರಿ ಸಿಮೆಂಟಿನ ಮೇಲೆ ಕಾಲಿಟ್ಟೆನೋ ಇಲ್ಲವೋ, ಕುಣಿಯುತ್ತ ವಾಪಸು ಬಂದೆ. ಬಟ್ಟೆ ತಂತಿಯ ಮೇಲೇ ಉಳಿಯಿತು.

ಒಂದೇ ಸ್ಲ್ಯಾಬು, ಒಂದೇ ಸೂರ್ಯ, ಒಂದೇ ಹೊತ್ತು. ಎರಡರ ನಡುವಿನ ವ್ಯತ್ಯಾಸ ಕಾಗದದಷ್ಟು ತೆಳುವಾದ ಸುಣ್ಣದ ಪದರ. ಆ ಗೆರೆಯಿಂದ ಶುರುವಾದ ಹುಚ್ಚು ಇದು. ಓದಿದ್ದು, ಕೇಳಿದ್ದು, ಅಂಗಾಲು ಸುಟ್ಟುಕೊಂಡು ಕಲಿತದ್ದು ಎಲ್ಲ ಸೇರಿ ಹದಿನಾರು ಸೂತ್ರಗಳಾಗಿವೆ.

1. ಮೊದಲು ಕೇಳಿಕೊಳ್ಳಿ: ಬಿಸಿ ಬೇಕೋ, ಬೇಡವೋ?

ಬಣ್ಣಗಳಲ್ಲಿ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲ. ಕಪ್ಪು ಬಣ್ಣ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಬಿಳಿ ಸುಣ್ಣ ಮುಕ್ಕಾಲು ಪಾಲನ್ನು ಬಂದ ದಾರಿಗೇ ಸುಂಕವಿಲ್ಲದೆ ಕಳಿಸುತ್ತದೆ. ವಾಪಸು ಹೋಗದೆ ಒಳಗೆ ಉಳಿದ ಬೆಳಕೇ ಬಿಸಿ. ಕೆಂಪು ಅಂಗಿ ಕೆಂಪಗೆ ಕಾಣುವುದು ಅದು ಕೆಂಪನ್ನು ಕಣ್ಣಿಗೆ ಕಳಿಸಿ ಮಿಕ್ಕ ಬಣ್ಣಗಳನ್ನು ನುಂಗಿಕೊಂಡಿದ್ದರಿಂದ. ಅಂದರೆ ನಮಗೆ ಕಾಣುವ ಬಣ್ಣ ಆ ವಸ್ತು ಬೇಡವೆಂದು ಬಿಟ್ಟದ್ದು. ಇಟ್ಟುಕೊಂಡದ್ದು ನಮಗೆ ಕಾಣುವುದೇ ಇಲ್ಲ.

ಇಟ್ಟುಕೊಂಡದ್ದು ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ. ಮೋಡವಿಲ್ಲದ ಮಧ್ಯಾಹ್ನ ನೆಲದ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ಮನೆಯಲ್ಲಿರುವ ಒಂದು ಇಸ್ತ್ರಿ ಪೆಟ್ಟಿಗೆಯ ಶಕ್ತಿ ಅಷ್ಟೇ. 20 ಅಡಿ ಅಗಲ, 30 ಅಡಿ ಉದ್ದದ ಸಣ್ಣ ಮಾಳಿಗೆ ಅಂದರೂ ಐವತ್ತೈದು ಇಸ್ತ್ರಿ ಪೆಟ್ಟಿಗೆ ಅಂಗಾತ ಇಟ್ಟಂತಾಯಿತು. ಬಿಳಿ ಬಳಿದರೆ ಅವುಗಳಲ್ಲಿ ನಲವತ್ತರ ಪ್ಲಗ್ ಕಿತ್ತಂತೆ.

2. ಕಣ್ಣನ್ನು ಅರ್ಧವಷ್ಟೇ ನಂಬಿ

1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಒಂದೊಂದು ಬಣ್ಣದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಇಟ್ಟಾಗಲೂ ಪಾದರಸ ಏರಿತು. ಕಣ್ಣಿಗೆ ಬೀಳದ ಆ ಬೆಳಕಿಗೆ ಇಂದು ಅವಕೆಂಪು ಅನ್ನುತ್ತೇವೆ. ನಮ್ಮ ಮೇಲೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಈ ಕಾಣದ ಬೆಳಕಿನದೇ.

ಹಾಗಾಗಿ ಕಣ್ಣಿಗೆ ಒಂದೇ ಥರ ಕಾಣುವ ಎರಡು ಬಣ್ಣ ಬಿಸಿಲಲ್ಲಿ ಬೇರೆ ಬೇರೆ ಕಾಯಬಹುದು. ಮಾವಿನ ಎಲೆ ನೋಡಿ, ಕಡು ಹಸಿರು; ಆದರೆ ಕಾಣದ ಅವಕೆಂಪಿನಲ್ಲಿ ಹೆಚ್ಚುಕಮ್ಮಿ ಅರ್ಧವನ್ನು ವಾಪಸು ಎಸೆಯುತ್ತದೆ. ಇಲ್ಲದಿದ್ದರೆ ಮೇ ತಿಂಗಳಲ್ಲಿ ಗಿಡದ ಮೇಲೇ ಬೆಂದುಹೋಗುತ್ತಿತ್ತು. ಇದೇ ಗುಟ್ಟಿನಿಂದ ಈಗ ಕಡು ಬಣ್ಣದ ‘ಕೂಲ್ ಪೇಂಟ್’ಗಳೂ ಬಂದಿವೆ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ಮಂಜುಗಡ್ಡೆಯ ಚಿತ್ರ ನೋಡಿ ಮರುಳಾಗಬೇಡಿ, ಎರಡು ಅಂಕಿ ಕೇಳಿ: ಬಿಸಿಲನ್ನು ಎಷ್ಟು ಪಾಲು ಪ್ರತಿಫಲಿಸುತ್ತದೆ, ಹೀರಿದ್ದನ್ನು ಎಷ್ಟು ಸಲೀಸಾಗಿ ಹೊರಸೂಸುತ್ತದೆ. ದೊಡ್ಡ ವಾಣಿಜ್ಯ ಕಟ್ಟಡಗಳ ತಂಪು ಚಾವಣಿಗೆ ನಮ್ಮ ದೇಶದ ಇಂಧನ ಉಳಿತಾಯ ಕಟ್ಟಡ ಸಂಹಿತೆ 2017ರಲ್ಲಿ ಹೇಳಿದ್ದು ಕನಿಷ್ಠ 0.6 ಮತ್ತು 0.9. ಮನೆಗೂ ಅದೇ ಅಳತೆ ಸಾಕು.

3. ಮೊದಲು ಮಾಳಿಗೆ, ಆಮೇಲೆ ಗೋಡೆ

ಬೇಸಿಗೆಯಲ್ಲಿ ನಮ್ಮ ಸೂರ್ಯ ನಡುನೆತ್ತಿಯವನು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ, ಕಲಬುರಗಿಯಲ್ಲಿ ಮೇ 10ರ ಆಸುಪಾಸು ಮಧ್ಯಾಹ್ನ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಶಾಲೆಮಕ್ಕಳು ಬಾಟಲಿ ನಿಲ್ಲಿಸಿ ಸಂಭ್ರಮಪಡುತ್ತಾರೆ. ಮಾಳಿಗೆಗೆ ಅದು ಸಂಭ್ರಮವಲ್ಲ. ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ. ಕೈಯಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಮಾಳಿಗೆಗೆ ಹಾಕಿ. ಇನ್ನಷ್ಟು ಉಳಿದರೆ ಪಡುವಣ ಗೋಡೆಗೆ. ಎದುರಿನ ಗೋಡೆಗೆ ಬೇಕಾದ ಬಣ್ಣ ಬಳಿಯಿರಿ, ಅದು ನೋಡುವವರಿಗಾಗಿ ಇರುವುದು.

4. ಸುಣ್ಣ ಬಳಿಯುವುದನ್ನು ಕೈಯಾರೆ ಕಲಿಯಿರಿ

ಅರ್ಧ ಮಾಳಿಗೆಯ ಅವಮಾನದ ನಂತರ ಓಣಿಯ ಹಿರಿಯ ಗೌಂಡಿ ಕಾಕಾನನ್ನು ಕರೆತಂದೆ. ನಾನು ಬಳಿದ ಭಾಗವನ್ನು ಉಗುರಿನಿಂದ ಕೆರೆದು ನೋಡಿದರು. ಸಿಪ್ಪೆ ಎದ್ದಿತು. “ತಮ್ಮಾ, ಇದು ಸುಣ್ಣ ಬಳದಂಗಿಲ್ಲ, ದ್ವಾಸಿ ಹೊಯ್ದಂಗದ” ಅಂದರು. ತಪ್ಪುಗಳನ್ನು ಒಂದೊಂದಾಗಿ ತಿದ್ದಿದರು.

ಸುಟ್ಟ ಸುಣ್ಣ ತಂದರೆ ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಬೇಕು. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪವೇ ಹಾಕಿ ದೂರ ನಿಲ್ಲಬೇಕು. ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ಟಾದರೆ ಮೆತ್ತಗಾಗಿಬಿಡುತ್ತದೆ. ಕಣ್ಣಿಗೆ ಹಾರಿದರೆ ದೊಡ್ಡ ಅಪಾಯ; ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ರಾತ್ರಿಯಿಡೀ ಬಿಟ್ಟು, ಹಳೆ ಧೋತರದಲ್ಲಿ ಸೋಸಿ, ಮಜ್ಜಿಗೆಯ ಹದಕ್ಕೆ ತರಬೇಕು. ಹಿಡಿದುಕೊಳ್ಳಲು ಹಿಂದೆ ಅಂಟು ಹಾಕುತ್ತಿದ್ದರು, ಈಗ ಫೆವಿಕಾಲ್ ಹಾಕುತ್ತಾರೆ. ಸ್ಲ್ಯಾಬನ್ನು ಗುಡಿಸಿ, ತೊಳೆದು, ಹಸಿ ಇರುವಾಗಲೇ ಸಂಜೆ ಹೊತ್ತಿಗೆ ಬಳಿಯಬೇಕು. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಮೇಲು. ನಾನು ದಪ್ಪ ಬಳಿದದ್ದಕ್ಕೆ ಕಾರಣವಿತ್ತು: ಹಸಿ ಸುಣ್ಣ ಬೆಳ್ಳಗೆ ಕಾಣುವುದಿಲ್ಲ, ನೀರು ಚೆಲ್ಲಿದಂತೆ ಕಾಣುತ್ತದೆ. ಸಾಲಲಿಲ್ಲವೆಂದು ಮತ್ತೆ ಮತ್ತೆ ಬಳಿದೆ. ಒಣಗುತ್ತ ಹೋದಂತೆ ಬಿಳುಪು ತಾನಾಗಿ ಏಳುತ್ತದೆ, ಕಾಯುವ ತಾಳ್ಮೆ ಬೇಕಷ್ಟೇ.

ನೀಲಿ ಹಾಕಲು ಹೋದೆ. ಕಾಕಾ ತಡೆಯಲಿಲ್ಲ, ಅವರ ರೂಢಿಯೂ ಅದೇ. ಇಲ್ಲಿ ಮಾತ್ರ ನನ್ನ ಓದು ಕೆಲಸಕ್ಕೆ ಬಂತು. ನೀಲಿಯ ಪುಡಿ ಬೆಳಕನ್ನು ಹೆಚ್ಚಿಸುವುದಿಲ್ಲ. ಹಳದಿಯನ್ನು ನುಂಗಿ ಕಣ್ಣಿಗೆ ಬಿಳುಪಿನ ಭ್ರಮೆ ಹುಟ್ಟಿಸುತ್ತದೆ. ಗೋಡೆಗೆ ಚಂದ, ಮಾಳಿಗೆಗೆ ಬೇಡ.

ಮಳೆನೀರು ಹಿಡಿಯುವವರು ಮೊದಲ ಮಳೆಯ ನೀರನ್ನು ಹರಿಯಬಿಡಿ, ಅದರಲ್ಲಿ ಸುಣ್ಣ ಇರುತ್ತದೆ.

5. ತಗಡಿನ ಹೊಳಪಿಗೆ ಮರುಳಾಗಬೇಡಿ

ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸ ಜಿಂಕ್ ತಗಡು ಫಳಫಳ ಹೊಳೆಯುತ್ತದೆ, ಬಿಸಿಲನ್ನು ಸಾಕಷ್ಟು ವಾಪಸು ಕಳಿಸುತ್ತದೆ ಕೂಡ. ಆದರೂ ಪತ್ರಾಸಿನ ಮನೆಯೊಳಗೆ ಮಧ್ಯಾಹ್ನ ಕೂರಲು ಆಗುವುದಿಲ್ಲ. ಕಾರಣ, ಹೊಳೆಯುವ ಲೋಹ ಒಳಗೆ ತೆಗೆದುಕೊಂಡ ಸ್ವಲ್ಪ ಬಿಸಿಯನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜಿಪುಣನ ಕೈಗೆ ಸೇರಿದ ದುಡ್ಡಿನಂತೆ; ಕೂಡುತ್ತ ಹೋಗುತ್ತದೆ. ಬಿಳಿ ಬಣ್ಣ ಕಡಿಮೆ ತೆಗೆದುಕೊಂಡು ತೆಗೆದುಕೊಂಡದ್ದನ್ನು ಧಾರಾಳವಾಗಿ ಹೊರಸೂಸುತ್ತದೆ.

ತಗಡಿಗೆ ಸುಣ್ಣ ಬಳಿಯಬೇಡಿ. ಹಿಡಿಯುವುದಿಲ್ಲ, ಮೇಲಾಗಿ ಸುಣ್ಣದ ಕ್ಷಾರ ಜಿಂಕನ್ನು ತಿನ್ನುತ್ತದೆ. ಪ್ರೈಮರ್ ಹಾಕಿ ಹೊರಗೋಡೆಯ ಬಿಳಿ ಪೇಂಟ್ ಹಚ್ಚಿ.

6. ಕತ್ತಲಲ್ಲಿ ಬಣ್ಣಕ್ಕೆ ಕೆಲಸವಿಲ್ಲ ಎಂಬುದು ನೆನಪಿರಲಿ

ಇದು ಎಲ್ಲರೂ ಎಡವುವ ಜಾಗ. ಕಪ್ಪು ಬೇಗ ಕಾಯುತ್ತದೆ, ಹಾಗಾದರೆ ಬೇಗ ಆರುತ್ತದೆಯೂ ಅಲ್ಲವೇ? ಕಪ್ಪು ಕಪ್ಪಿನಲ್ಲಿ ಹಾಕಿದ ಚಹಾ ಬಿಳಿ ಕಪ್ಪಿಗಿಂತ ಮೊದಲು ತಣ್ಣಗಾಗಬೇಕಲ್ಲ? ಆಗುವುದಿಲ್ಲ. ಚಹಾದ ಬಿಸಿ, ಸ್ಲ್ಯಾಬಿನ ಬಿಸಿ, ನಮ್ಮ ಮೈಯ ಬಿಸಿ ಎಲ್ಲವೂ ಹೊರಗೆ ಹೋಗುವುದು ಕಣ್ಣಿಗೆ ಕಾಣದ ದೂರದ ಅವಕೆಂಪಾಗಿ. ಆ ಬೆಳಕಿನ ಲೋಕದಲ್ಲಿ ಸುಣ್ಣ, ಪಿಂಗಾಣಿ, ಕಾಗದ, ಮನುಷ್ಯನ ಚರ್ಮ ಎಲ್ಲವೂ ಹೆಚ್ಚುಕಮ್ಮಿ ಕಪ್ಪೇ. ಯಾರ ಚರ್ಮ ಯಾವ ಬಣ್ಣ ಅನ್ನುವುದೂ ಅಲ್ಲಿ ಗೊತ್ತಾಗುವುದಿಲ್ಲ.

ಜಾನ್ ಲೆಸ್ಲಿ ಎಂಬ ಸ್ಕಾಟ್ಲೆಂಡಿನವನು 1804ರಲ್ಲಿ ಇದನ್ನು ಒಂದು ತಗಡಿನ ಡಬ್ಬಿಯಿಂದಲೇ ತೋರಿಸಿದ. ಒಳಗೆ ಬಿಸಿನೀರು, ಒಂದು ಮುಖಕ್ಕೆ ದೀಪದ ಮಸಿ, ಒಂದಕ್ಕೆ ಬಿಳಿ ಕಾಗದ, ಒಂದು ಹಾಗೇ ಹೊಳೆಯುವ ಲೋಹ. ಮಸಿ ಮತ್ತು ಬಿಳಿ ಕಾಗದ ಬಿಸಿ ಚೆಲ್ಲುವುದರಲ್ಲಿ ಹೆಚ್ಚುಕಮ್ಮಿ ಸರಿಸಮ. ಹೊಳೆಯುವ ಮುಖ ಬಹಳ ಹಿಂದೆ.

ಮಾಳಿಗೆಯವರಿಗೆ ಇದರಲ್ಲಿ ಲಾಭವಿದೆ. ಸುಣ್ಣ ಬಳಿದ ಸ್ಲ್ಯಾಬು ಹಗಲು ಬಿಳಿ, ರಾತ್ರಿ ಕಪ್ಪು. ಹಗಲು ಬಿಸಿಲನ್ನು ಒಳಗೆ ಬಿಡುವುದಿಲ್ಲ, ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಸುರಿಯಲು ಅಡ್ಡಿಯಿಲ್ಲ. ಸುಣ್ಣದ ಮಾಳಿಗೆಯ ಮೇಲೆ ಹಾಸಿಗೆ ಹಾಕಿ ಮಲಗಿದವರಿಗೆ ಇದನ್ನು ವಿವರಿಸಬೇಕಿಲ್ಲ.

7. ಕರಿ ಟ್ಯಾಂಕನ್ನು ಬೈಯುವ ಮೊದಲು ಕಾರಣ ತಿಳಿಯಿರಿ

ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ತಪ್ಪು ಕರಿ ಟ್ಯಾಂಕಿನದು ನಿಜ, ಆದರೆ ಅದನ್ನು ಕಪ್ಪು ಮಾಡಿದವರು ದಡ್ಡರಲ್ಲ. ಪ್ಲಾಸ್ಟಿಕ್ಕಿಗೆ ಬೆರೆಸಿದ ಮಸಿಯ ಪುಡಿ ಬಿಸಿಲಿನ ಅತಿನೇರಳೆ ಕಿರಣವನ್ನು ತಾನೇ ನುಂಗಿ ಟ್ಯಾಂಕು ಬಿರಿಯದಂತೆ ಕಾಯುತ್ತದೆ. ಒಳಗೆ ಬೆಳಕು ಹೋಗದ ಕಾರಣ ಪಾಚಿಯೂ ಕಟ್ಟುವುದಿಲ್ಲ. ಬಿಳಿ ಟ್ಯಾಂಕು ಕೊಳ್ಳುವುದಾದರೆ ಒಳಪದರ ಕಪ್ಪು ಇರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ತಣ್ಣನೆಯ ಪಾಚಿ ನೀರು ಕುಡಿಯಬೇಕಾಗುತ್ತದೆ. ಇರುವ ಕರಿ ಟ್ಯಾಂಕಿಗೆ ಬಿಳಿ ಬಟ್ಟೆಯನ್ನೋ ಗೋಣಿಚೀಲವನ್ನೋ ಸುತ್ತಿ, ಅಥವಾ ಪಡುವಣ ಬದಿಗೆ ಒಂದು ನೆರಳು ಚಪ್ಪರ ಹಾಕಿ. ನಮ್ಮ ಓಣಿಯಲ್ಲಿ ಒಬ್ಬರು ಹಳೆ ಫ್ಲೆಕ್ಸನ್ನು ಬಿಳಿ ಮುಖ ಹೊರಗೆ ಮಾಡಿ ಸುತ್ತಿದ್ದಾರೆ. ಒಳಗಡೆ ಯಾವ ನಾಯಕರ ನಗುಮುಖ ಇದೆಯೋ, ಕೆಲಸವಂತೂ ಆಗುತ್ತಿದೆ.

8. ಬಟ್ಟೆಯಲ್ಲಿ ಬಣ್ಣಕ್ಕಿಂತ ಸಡಿಲ ಮುಖ್ಯ

ಬೇಸಿಗೆಗೆ ಬಿಳಿ ಅಂಗಿ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಹಾಗಾದರೆ ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ತೊಡುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಲೇಖನ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮರುಭೂಮಿಯ ನಡುಮಧ್ಯಾಹ್ನ ಒಬ್ಬನನ್ನು ಬಿಸಿಲಿಗೆ ಮುಖಮಾಡಿ ನಿಲ್ಲಿಸಿ, ಒಮ್ಮೆ ಕಪ್ಪು ನಿಲುವಂಗಿ, ಒಮ್ಮೆ ಬಿಳಿಯದು ತೊಡಿಸಿ ಅಳೆದರು. ಕಪ್ಪು ಬಟ್ಟೆ ಹೆಚ್ಚು ಕಾದದ್ದು ನಿಜ. ಆದರೆ ಮೈಗೆ ತಲುಪಿದ ಬಿಸಿ ಎರಡರಲ್ಲೂ ಒಂದೇ. ಸಡಿಲ ನಿಲುವಂಗಿಯೊಳಗೆ ಕಾದ ಗಾಳಿ ಚಿಮಣಿಯಲ್ಲಿ ಏರುವಂತೆ ಮೇಲೇರಿ ಹೊರಟುಹೋಗುತ್ತದೆ. ಹೆಚ್ಚುವರಿ ಬಿಸಿ ಚರ್ಮ ಮುಟ್ಟುವ ಮೊದಲೇ ಕಳೆಯುತ್ತದೆ.

ಇದನ್ನು ಓದಿದಾಗ ನೆನಪಾದದ್ದು ನಮ್ಮ ಕುರುಬರ ಕರಿ ಕಂಬಳಿ. ಕುರಿ ಮಂದೆಯ ಹಿಂದೆ ಬಿರುಬಿಸಿಲಲ್ಲಿ ಹೆಗಲ ಮೇಲೆ, ತಲೆಯ ಮೇಲೆ ಉಣ್ಣೆಯ ಕಂಬಳಿ ಹೊದ್ದು ನಡೆಯುವವರನ್ನು ಕಂಡು ಪೇಟೆಯ ಹುಡುಗರು ನಗುತ್ತಾರೆ. ದಪ್ಪ ಉಣ್ಣೆಯ ಹೊರಮೈ ಕಾಯುತ್ತದೆ, ಒಳಮೈಗೆ ಆ ಬಿಸಿ ಸುಲಭಕ್ಕೆ ಇಳಿಯುವುದಿಲ್ಲ. ಮೈಗಂಟಿದ ಕರಿ ಟೀ ಶರ್ಟಿನಲ್ಲಿ ಬೈಕ್ ಮೇಲೆ ಕೂತು ನಗುತ್ತಿರುವ ಆ ಹುಡುಗನ ಬೆನ್ನನ್ನು ಮುಟ್ಟಿ ನೋಡಬೇಕು.

ಒಟ್ಟಿನಲ್ಲಿ: ಬಿಗಿ ಬಟ್ಟೆಯಾದರೆ ತಿಳಿ ಬಣ್ಣವೇ ಇರಲಿ. ಸಡಿಲವಾಗಿದ್ದರೆ ನಿಮ್ಮಿಷ್ಟ. ತೀರ ತೆಳು ಬಿಳಿ ಬಟ್ಟೆ ಬೆಳಕನ್ನು, ಅದರೊಡನೆ ಅತಿನೇರಳೆಯನ್ನು, ಸೋಸಿ ಚರ್ಮಕ್ಕೆ ಬಿಡುತ್ತದೆ ಎಂಬುದೂ ಗೊತ್ತಿರಲಿ.

9. ಕೊಡೆ ಕರಿದೇ ಇರಲಿ, ಎತ್ತರ ಹಿಡಿಯಿರಿ

ಕಪ್ಪು ಬಟ್ಟೆ ಅತಿನೇರಳೆಯನ್ನು ಚೆನ್ನಾಗಿ ತಡೆಯುತ್ತದೆ. ಕಾದ ಬಟ್ಟೆ ನೆತ್ತಿಗೆ ತಾಗದಷ್ಟು ಎತ್ತರದಲ್ಲಿದ್ದರೆ ನಡುವೆ ಗಾಳಿ ಆಡಿ ಬಿಸಿ ಹೋಗುತ್ತದೆ. ಹೊರಗೆ ಬೆಳ್ಳಿ ಬಣ್ಣ, ಒಳಗೆ ಕಪ್ಪು ಇರುವ ಕೊಡೆ ಸಿಕ್ಕರೆ ಇನ್ನೂ ಒಳ್ಳೆಯದು. ಉಲ್ಟಾ ಇದ್ದದ್ದು, ಅಂದರೆ ಹೊರಗೆ ಕಪ್ಪು ಒಳಗೆ ಬೆಳ್ಳಿ ಇದ್ದದ್ದು, ರಸ್ತೆಯ ಝಳವನ್ನು ಮತ್ತೆ ಮುಖಕ್ಕೇ ಎಸೆಯುತ್ತದೆ.

10. ಕಾರಿನ ಬಣ್ಣಕ್ಕಿಂತ ಗಾಜನ್ನು ನೋಡಿಕೊಳ್ಳಿ

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಕಾರುಗಳನ್ನು ಬಿಸಿಲಿಗೆ ನಿಲ್ಲಿಸಿ ಅಳೆದು 2011ರಲ್ಲಿ ಹೇಳಿದ್ದು: ಬೆಳ್ಳಿ ಕಾರಿನ ಒಳಗಾಳಿ ಸುಮಾರು 5ರಿಂದ 6 ಡಿಗ್ರಿ ತಂಪು. ಇದೇನೂ ಕಡಿಮೆಯಲ್ಲ. ಆದರೆ ಯಾವ ಬಣ್ಣದ ಕಾರಾದರೂ ಮುಂದಿನ ಗಾಜಿನಿಂದ ಒಳಬಂದ ಬಿಸಿಲು ಕರಿ ಡ್ಯಾಶ್‌ಬೋರ್ಡಿನ ಮೇಲೆ ಬೀಳುತ್ತದೆ. ಬೆಳಕಾಗಿ ಬಂದದ್ದು ಬಿಸಿಯಾದ ಮೇಲೆ ಗಾಜು ಹೊರಗೆ ಬಿಡುವುದಿಲ್ಲ. ಕಾರು ಬದಲಿಸಲು ಲಕ್ಷಗಳು ಬೇಕು. ಗಾಜಿಗೆ ಒಳಗಿನಿಂದ ಬೆಳ್ಳಿ ಹಾಳೆ ನಿಲ್ಲಿಸಲು ಒಂದು ಊಟದ ದುಡ್ಡು ಸಾಕು. ಸ್ಟೇರಿಂಗಿನ ಮೇಲೊಂದು ಬಿಳಿ ಟವೆಲು.

11. ಬಿಸಿ ಬೇಕೆಂದಾಗ ಬರೀ ಕಪ್ಪು ಸಾಲದು

ಈಗ ಮಗ್ಗುಲು ಬದಲಿಸೋಣ. ಸೋಲಾರ್ ಹೀಟರಿಗೆ ಬೇಕಾದದ್ದು ಸುಣ್ಣದ ತದ್ವಿರುದ್ಧ: ಬಿಸಿಲನ್ನು ಪೂರ್ತಿ ನುಂಗಬೇಕು, ಬಿಸಿಯನ್ನು ಹೊರಗೆ ಬಿಡಬಾರದು. ಸಾಮಾನ್ಯ ಕರಿ ಪೇಂಟ್ ಮೊದಲನೆಯದನ್ನು ಮಾಡುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ನುಂಗಿದ್ದನ್ನೆಲ್ಲ ಹೊರಸೂಸುತ್ತ ಕೂರುತ್ತದೆ. 1950ರ ದಶಕದಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ಉಪಾಯ ಕಂಡುಕೊಂಡರು. ಹೊಳೆಯುವ ಲೋಹದ ಮೇಲೆ ಅತಿ ತೆಳುವಾದ ಕರಿ ಲೇಪ. ಬಿಸಿಲಿಗೆ ಅದು ಕಪ್ಪು. ತನ್ನ ಬಿಸಿಗೆ ಮಾತ್ರ ಹೊಳೆಯುವ ತಗಡು, ಐದನೇ ಸೂತ್ರದ ಅದೇ ಜಿಪುಣ. ಮನೆಯಲ್ಲಿ ಶತ್ರುವಾಗಿದ್ದವನು ಇಲ್ಲಿ ನೆಂಟ.

ಬೆಂಗಳೂರಿನ ಮನೆಗಳ ಮೇಲೆ ಸಾಲಾಗಿ ಕಾಣುವ ಗಾಜಿನ ಕೊಳವೆಗಳಲ್ಲಿ ಒಳಗಿನ ಕೊಳವೆಗೆ ಇಂಥ ಲೇಪ ಇರುತ್ತದೆ. ಎರಡು ಗಾಜುಗಳ ನಡುವೆ ಗಾಳಿಯನ್ನೂ ತೆಗೆದಿರುತ್ತಾರೆ. ಅದಕ್ಕೇ ಡಿಸೆಂಬರಿನ ಚಳಿಗಾಳಿಯಲ್ಲೂ, ಬಿಸಿಲಿದ್ದರೆ, ಹೊರಗಿನ ಗಾಜು ಮುಟ್ಟಿದರೆ ತಣ್ಣಗೆ, ಒಳಗೆ ಸುಡುನೀರು. ನೀವು ಮಾಡಬೇಕಾದದ್ದು ಇಷ್ಟೇ: ತಿಂಗಳಿಗೊಮ್ಮೆ ಬೆಳಗಿನ ತಂಪಿನಲ್ಲಿ ಧೂಳು ಒರೆಸಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ, ಸೀಳುತ್ತದೆ.

ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರಿಗೆ ಇದೇ ಲೆಕ್ಕ ಜೀವನ್ಮರಣದ್ದು. ಬಾಹ್ಯಾಕಾಶದಲ್ಲಿ ಆರಿಸಲು ಗಾಳಿಯಿಲ್ಲ. ಎಷ್ಟು ಹೀರಿತು, ಎಷ್ಟು ಸೂಸಿತು ಎಂಬುದೇ ಉಪಗ್ರಹದ ಜಾತಕ. ಅದರ ಮೈಮೇಲಿನ ಬಂಗಾರದ ಬಣ್ಣದ ಹೊದಿಕೆ ಸಾಮಾನ್ಯವಾಗಿ ಬಂಗಾರವಲ್ಲ. ಜೇನು ಬಣ್ಣದ ಪ್ಲಾಸ್ಟಿಕ್ ಹಾಳೆ, ಹಿಂಬದಿಗೆ ಅಲ್ಯೂಮಿನಿಯಂ.

12. ಬಿಸಿಲಲ್ಲಿ ಅಡುಗೆ ಮಾಡುವುದಾದರೆ ಪಾತ್ರೆಯನ್ನು ಬೆಳಗಬೇಡಿ

ಹದಿನೆಂಟನೇ ಶತಮಾನದಲ್ಲಿ ಜಿನೀವಾದ ಡಿ ಸೊಸ್ಯೂರ್ ಗಾಜಿನ ಮುಚ್ಚಳದ ಪೆಟ್ಟಿಗೆ ಬಿಸಿಲಿಗಿಟ್ಟು ನೀರಿನ ಕುದಿಬಿಂದುವನ್ನೂ ದಾಟಿಸಿದ. ಸೋಲಾರ್ ಕುಕ್ಕರಿನ ಅಜ್ಜ ಅದೇ. ಒಳಗಿಡುವ ಪಾತ್ರೆಗಳ ಹೊರಮೈ ಕಪ್ಪಾಗಿರಬೇಕು. ಫಳಫಳ ಸ್ಟೀಲ್ ಡಬ್ಬಿ ಇಟ್ಟರೆ ತೊಗರಿಬೇಳೆ ಸಂಜೆಯವರೆಗೂ ಬೇಯುವುದಿಲ್ಲ. ಸೌದೆ ಒಲೆಯ ಮಸಿ ಹಿಡಿದ ಹಳೆ ಪಾತ್ರೆ ಅಟ್ಟದಲ್ಲಿದ್ದರೆ ಇಳಿಸಿ.

13. ಒಣಗಬೇಕೋ, ಬಣ್ಣ ಉಳಿಯಬೇಕೋ ತೀರ್ಮಾನಿಸಿ

ಅವ್ವ ಸಂಡಿಗೆ ಇಡುವುದು ಹಳೆ ಬಿಳಿ ಧೋತರದ ಮೇಲೆ. “ಧೋತರದ ಬುಡಕ್ಕ ಕರಿ ತಾಡಪತ್ರಿ ಹಾಸಿದ್ರ ಕೆಳಗಿಂದೂ ಕಾಯ್ತದ, ಲಗೂನ ಒಣಗ್ತಾವವ್ವ” ಅಂದೆ. “ನಿನ್ನ ಸಾಯನ್ಸು ನಿನ್ನ ಹತ್ರ ಇಟಗೋ, ನನ್ನ ಸಂಡಿಗಿಗೆ ಪ್ಲಾಸ್ಟಿಕ್ ವಾಸನಿ ಬರಬಾರ್ದು” ಅಂದಳು. ಕೊನೆಗೆ ಬಾಳಕದ ಮೆಣಸಿನಕಾಯಿಯ ಧೋತರಕ್ಕೆ ಒಪ್ಪಿದಳು. ಅದು ಲಗೂನೇ ಒಣಗಿತು. ಸಂಡಿಗೆಯ ವಿಷಯದಲ್ಲಿ ಇನ್ನೂ ಮಾತುಕತೆ ನಡೆದಿದೆ.

ಆದರೆ ಎಲ್ಲವನ್ನೂ ಹೀಗೆ ಕಾಯಿಸಬಾರದು. ಬಿಸಿಲು ಬಣ್ಣವನ್ನೂ ತಿನ್ನುತ್ತದೆ. ಬಣ್ಣಕ್ಕೇ ಬೆಲೆಯಿರುವ ಮಾಲು, ಉದಾಹರಣೆಗೆ ಬ್ಯಾಡಗಿ ಮೆಣಸಿನಕಾಯಿ, ಉರಿಬಿಸಿಲಿಗೆ ಹೆಚ್ಚು ದಿನ ಬಿದ್ದರೆ ಕೆಂಪು ಕಳೆದುಕೊಳ್ಳುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿ, ಬಲೆಯ ಅಟ್ಟಣಿಗೆಗಳ ಮೇಲೆ ಗಾಳಿಗೆ ಒಣಗಿಸುವುದು ಅದಕ್ಕೇ. ಹೊರಗೆ ಅಷ್ಟು ಬಿಸಿಲು ಪುಕ್ಕಟೆ ಬಿದ್ದಿದ್ದರೂ ಮುಟ್ಟುವುದಿಲ್ಲ. ಮನೆಯಲ್ಲೂ ಅಷ್ಟೆ: ಕರಿಬೇವು, ಪುದೀನ ನೆರಳಿಗೆ.

14. ತೋಟದಲ್ಲಿ ಬಣ್ಣವನ್ನು ದಿಕ್ಕು ನೋಡಿ ಬಳಸಿ

ಮಲೆನಾಡಿನ, ಕರಾವಳಿಯ ಅಡಿಕೆ ತೋಟದ ಅಂಚಿಗೆ ಹೋಗಿ ನೋಡಿ. ನೈಋತ್ಯಕ್ಕೆ ತೆರೆದುಕೊಂಡ ಮರಗಳ ಕಾಂಡಕ್ಕೆ ಸುಣ್ಣ ಬಳಿದಿರುತ್ತಾರೆ, ಇಲ್ಲವೇ ಅಡಿಕೆ ಸೋಗೆ ಕಟ್ಟಿರುತ್ತಾರೆ. ಪೂಜೆಗಲ್ಲ. ದಕ್ಷಿಣಾಯನದಲ್ಲಿ ಸೂರ್ಯ ತೆಂಕಣಕ್ಕೆ ವಾಲಿ, ಮಧ್ಯಾಹ್ನದ ನಂತರದ ಬಿಸಿಲು ಓರೆಯಾಗಿ ನೇರ ಕಾಂಡಕ್ಕೇ ಬೀಳುತ್ತದೆ. ಎಳೆಯ ಹಸಿರು ಕಾಂಡದ ಮೇಲೆ ಮೊದಲು ಹೊಂಬಣ್ಣದ ಕಲೆ, ಆಮೇಲೆ ಕಂದು, ಆಮೇಲೆ ಸೀಳು. ಅಂಥ ಮರ ಮುಂದೊಂದು ಗಾಳಿಮಳೆಯಲ್ಲಿ ಅದೇ ಜಾಗದಲ್ಲಿ ಮುರಿಯುತ್ತದೆ. ಮರದ ಸುತ್ತಲೂ ಬಳಿಯಬೇಕಿಲ್ಲ. ಸೂರ್ಯ ಹೊಡೆಯುವ ಮಗ್ಗುಲಿಗೆ ಬಳಿದರೆ ಸಾಕು. ಮಳೆ ನಿಂತ ಮೇಲೆ, ಬಿಸಿಲು ಬಲಿಯುವ ಮೊದಲು.

ತರಕಾರಿ ಹೊಲದ ಮಲ್ಚಿಂಗ್ ಶೀಟಿನಲ್ಲೂ ಇದೇ ಜಾಣತನ. ಬೇಸಿಗೆ ಬೆಳೆಗೆ ಬೆಳ್ಳಿ ಬಣ್ಣ ಮೇಲೆ, ಕಪ್ಪು ಕೆಳಗೆ. ಬೆಳ್ಳಿ ಬಿಸಿಲನ್ನು ವಾಪಸು ಕಳಿಸಿ ಬೇರನ್ನು ತಂಪಾಗಿಡುತ್ತದೆ, ಕೆಳಗಿನಿಂದ ಚಿಮ್ಮುವ ಬೆಳಕಿಗೆ ಸಸ್ಯಹೇನು, ಬಿಳಿನೊಣಗಳೂ ದಿಕ್ಕು ತಪ್ಪುತ್ತವೆ. ಕೆಳಗಿನ ಕಪ್ಪು ಕಳೆಗೆ ಬೆಳಕು ಸಿಗದಂತೆ ಮಾಡುತ್ತದೆ.

ಮಣ್ಣನ್ನೇ ಕಾಯಿಸಿ ರೋಗದ ಬೂಷ್ಟು, ಕಳೆಬೀಜ ಕೊಲ್ಲಬೇಕಾದರೆ? ಕರಿ ಹಾಳೆ ಅಂತ ಎಲ್ಲರೂ ಹೇಳುತ್ತಾರೆ. ತಪ್ಪು. ಪಾರದರ್ಶಕ ಹಾಳೆ ಬೇಕು. ಕರಿ ಹಾಳೆ ತಾನು ಕಾಯುತ್ತದೆ. ಪಾರದರ್ಶಕ ಹಾಳೆ ಬೆಳಕನ್ನು ಒಳಬಿಟ್ಟು ಮಣ್ಣನ್ನು ಕಾಯಿಸಿ, ಬಿಸಿಯನ್ನು ತಡೆದಿಟ್ಟುಕೊಳ್ಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ, ನೆಲಕ್ಕೆ ನೀರುಣಿಸಿ, ನಾಲ್ಕರಿಂದ ಆರು ವಾರ.

15. ಎಮ್ಮೆಗೆ ಮೊದಲು ನೆರಳು, ಆಮೇಲೆ ಎತ್ತಿಗೆ

ದೇಸಿ ಎತ್ತಿನ ಕೂದಲು ಹೆಚ್ಚಾಗಿ ಬಿಳಿ ಅಥವಾ ಬೂದು, ಕೆಳಗಿನ ಚರ್ಮ ಕಪ್ಪು. ಕೂದಲು ಬಿಸಿಲನ್ನು ಎಸೆಯುತ್ತದೆ, ಚರ್ಮ ಅತಿನೇರಳೆಯನ್ನು ತಡೆಯುತ್ತದೆ. ಎಮ್ಮೆಗೆ ಆ ಭಾಗ್ಯವಿಲ್ಲ: ಕರಿ ಮೈ, ತೆಳು ಕೂದಲು, ಬೆವರುವುದೂ ಕಡಿಮೆ. ಅದು ಕೆಸರಿಗೆ ಬೀಳುವುದು ಸೋಮಾರಿತನದಿಂದಲ್ಲ.

16. ಅಳೆದು ನೋಡಿ, ಆದರೆ ಜ್ವರದ ಥರ್ಮಾಮೀಟರಿನಿಂದಲ್ಲ

ನಾನು ಆ ತಪ್ಪು ಮಾಡಿದೆ. ಮನೆಯ ಡಿಜಿಟಲ್ ಥರ್ಮಾಮೀಟರನ್ನು ಬರಿ ಸ್ಲ್ಯಾಬಿನ ಮೇಲಿಟ್ಟೆ. ಮನುಷ್ಯನ ಜ್ವರದ ಗಡಿ ದಾಟಿದ್ದೇ ಅದು ‘ಎಚ್’ ಎಂದು ತೋರಿಸಿ ಸುಮ್ಮನಾಯಿತು. ಅವ್ವನ ಬೈಗುಳ ಬೇರೆ.

ಮಕ್ಕಳಿದ್ದರೆ ಬೆಂಜಮಿನ್ ಫ್ರಾಂಕ್ಲಿನ್ನನ ದಾರಿ ಹಿಡಿಯಿರಿ. ದರ್ಜಿಯ ಬಳಿಯ ಬೇರೆ ಬೇರೆ ಬಣ್ಣದ ಬಟ್ಟೆ ತುಂಡುಗಳನ್ನು ಬಿಸಿಲಿನ ಬೆಳಿಗ್ಗೆ ಹಿಮದ ಮೇಲೆ ಹಾಸಿದನಂತೆ. ಕೆಲ ಗಂಟೆಗಳಲ್ಲಿ ಕಪ್ಪು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಕಡು ನೀಲಿ ಅದರ ಹಿಂದೆಯೇ, ಬಿಳಿ ಮೇಲೇ ಇತ್ತು. ಪರಿಚಯದ ಹುಡುಗಿಯೊಬ್ಬಳಿಗೆ 1761ರಲ್ಲಿ ಬರೆದ ಪತ್ರದಲ್ಲಿ ಇದನ್ನು ಹೇಳಿದ್ದಾನೆ. ನಮಗೆ ಹಿಮ ಎಲ್ಲಿಂದ ಬರಬೇಕು, ಫ್ರಿಜ್ಜಿನ ಐಸು ಸಾಕು. ಒಂದೇ ಅಳತೆಯ ಎರಡು ಸ್ಟೀಲ್ ತಟ್ಟೆ ಬೋರಲು ಹಾಕಿ, ಒಂದರ ಬೆನ್ನಿಗೆ ದೀಪದ ಮಸಿ, ಇನ್ನೊಂದಕ್ಕೆ ಸುಣ್ಣ. ಹತ್ತು ನಿಮಿಷ ಬಿಸಿಲಿಗಿಟ್ಟು ತಲಾ ಒಂದು ಐಸ್ ತುಂಡು ಇಡಿ. ಯಾವುದು ಮೊದಲು ನೀರಾಗುತ್ತದೆ ಎಂದು ಪಂದ್ಯ ಕಟ್ಟಬೇಡಿ, ಮಕ್ಕಳು ಗೆಲ್ಲುತ್ತಾರೆ.

ದೊಡ್ಡವರಿಗೆ ಅಂಗಾಲೇ ಅಳತೆಗೋಲು. 2021ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಬಿಸಿಲಿನ ನೂರಕ್ಕೆ 98.1 ಪಾಲು ವಾಪಸು ಕಳಿಸುವ ಬಿಳಿ ಬಣ್ಣ ಮಾಡಿದ್ದಾರೆ. ನಮ್ಮ ಸುಣ್ಣ ಅಷ್ಟು ಕಟ್ಟಾಳಲ್ಲ. ಧೂಳು ಕೂತರೆ ಮಂಕಾಗುತ್ತದೆ, ಒಂದು ಮಳೆಗಾಲಕ್ಕೆ ಅರ್ಧ ತೊಳೆದುಹೋಗುತ್ತದೆ. ಕಣ್ಣಿಗೆ ಬೆಳ್ಳಗೇ ಕಾಣುತ್ತಿದ್ದರೂ ಕೆಲಸ ನಿಲ್ಲಿಸಿರಬಹುದು. ಅದಕ್ಕೆ ಗೌಂಡಿ ಕಾಕಾ ಹೇಳಿಕೊಟ್ಟ ಉಪಾಯ: ಬಳಿಯುವಾಗ ಒಂದು ಮೊಳದಷ್ಟು ಸಿಮೆಂಟು ಹಾಗೇ ಬಿಡಿ. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಬರಿಗಾಲಲ್ಲಿ ಹೋಗಿ ಒಂದು ಕಾಲು ಅದರ ಮೇಲೆ, ಇನ್ನೊಂದು ಸುಣ್ಣದ ಮೇಲೆ ಇಡಿ. ಎರಡೂ ಪಾದಕ್ಕೆ ಒಂದೇ ಅನಿಸಿತೋ, ಯುಗಾದಿಯೊಳಗೆ ಡ್ರಮ್ಮಿಗೆ ಸುಣ್ಣ ಬೀಳಬೇಕು.

ನನ್ನ ಮಾಳಿಗೆಯಲ್ಲಿ ಆ ಮೊಳದಷ್ಟು ಜಾಗ ಮೆಟ್ಟಿಲ ಬಾಗಿಲಿನ ಎದುರಿಗೇ ಇದೆ. ಯೋಚಿಸಿ ಬಿಟ್ಟದ್ದಲ್ಲ, ಈ ಸಲವೂ ಅಲ್ಲಿಗೆ ಬರುವಷ್ಟರಲ್ಲಿ ಸುಣ್ಣ ಮುಗಿಯಿತು. ಮೇಲೆ ಬಂದ ನೆಂಟರೆಲ್ಲ ಮೊದಲು ಕಾಲಿಡುವುದು ಅದರ ಮೇಲೆಯೇ.